ಹುಟ್ಟಿದ ದೇಶ ನೋಡಿ ನಿಲ್ಲಿಸುವ ಸರದಿ

ಮೈಸೂರಿನ ಶ್ರೀರಾಂಪುರದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನ ಮೇಲೆ ಕೂತ ಹಿರಿಯರ ಮಾತು ಬಹುಬೇಗ ಅಮೆರಿಕಕ್ಕೆ ಹೋಗುತ್ತದೆ. ಎನ್‌ಐಇಯಲ್ಲೋ ಎಸ್‌ಜೆಸಿಇಯಲ್ಲೋ ಎಂಜಿನಿಯರಿಂಗ್ ಓದಿ ಹೋದ ಮಕ್ಕಳು ಅಲ್ಲಿ ಮನೆ ಕೊಂಡಿದ್ದಾರೆ, ತೆರಿಗೆ ಕಟ್ಟುತ್ತಿದ್ದಾರೆ. 'ಗ್ರೀನ್ ಕಾರ್ಡ್ ಆಯ್ತಾ ಸಾರ್?' ಎಂದರೆ ಮಾತ್ರ ಉತ್ತರ ಒಂದೇ: 'ಇಲ್ಲ, ಡೇಟ್ ಇನ್ನೂ ಬಂದಿಲ್ಲ.' ಆ ಡೇಟು ಎಲ್ಲಿಂದ ಬರುತ್ತದೆ ಎಂಬುದು ಅನೇಕ ತಂದೆತಾಯಿಗಳಿಗೆ ಗೊತ್ತಿಲ್ಲ. ಮಗನೇ ಅಸಡ್ಡೆ ಮಾಡುತ್ತಿದ್ದಾನೆ ಎಂದು ಒಳಗೊಳಗೇ ನೊಂದುಕೊಳ್ಳುವವರನ್ನು ಕಂಡಿದ್ದೇನೆ. ಮಗನದು ತಪ್ಪೇನೂ ಇಲ್ಲ, ಕಾನೂನು ಇರುವುದೇ ಹಾಗೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಲಸೆ ಅರ್ಜಿಯ ಮಂಜೂರಾತಿ ಪತ್ರದ ಚಿತ್ರ ತೋರಿಸಿದರು. ಮೇಲ್ಭಾಗದ ಸಣ್ಣ ಚೌಕದಲ್ಲಿ 'ಪ್ರಯಾರಿಟಿ ಡೇಟ್' ಎಂದು ಒಂದು ದಿನಾಂಕ. ಕಂಪನಿಯು ಅವನ ಪರವಾಗಿ ಅಲ್ಲಿನ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ ದಿನ ಅದು. ಹೆಚ್ಚಿನವರಿಗೆ ಸರದಿಯಲ್ಲಿ ಜಾಗ ಸಿಗುವುದು ಆ ದಿನದಿಂದಲೇ. ಅಮೆರಿಕಕ್ಕೆ ಕಾಲಿಟ್ಟ ದಿನಕ್ಕೂ ಕೆಲಸಕ್ಕೆ ಸೇರಿದ ದಿನಕ್ಕೂ ಇಲ್ಲಿ ಲೆಕ್ಕವಿಲ್ಲ.

ಇನ್ನು ಸರದಿ ಸಾಗುವ ಬಗೆ. 1990ರ ಕಾನೂನು ಉದ್ಯೋಗ ಆಧಾರಿತ ವಲಸೆ ವೀಸಾಗಳನ್ನು, ಅಂದರೆ ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡುಗಳನ್ನು, ವರ್ಷಕ್ಕೆ 1,40,000 ಎಂದು ನಿಗದಿ ಮಾಡಿತು. ಅದರಲ್ಲಿ ಐದು ವರ್ಗಗಳು. ನಮ್ಮ ಎಂಜಿನಿಯರುಗಳು ಹೆಚ್ಚಾಗಿ ನಿಲ್ಲುವ ಇಬಿ-2, ಇಬಿ-3 ವರ್ಗಗಳಿಗೆ ತಲಾ ಸುಮಾರು 40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ಕ್ಕಿಂತ ಹೆಚ್ಚು ಸಲ್ಲದು ಎಂಬ ಮಿತಿ ಬೇರೆ. ಅಂದರೆ ಒಂದು ವರ್ಗದಲ್ಲಿ ಭಾರತಕ್ಕೆ ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿಸಿದರೆ ಅದು ಹಳೆಯ ದಿನಾಂಕದವರಿಗೆ ಹೋಗುತ್ತದೆ, ಆಗ ನಮಗೆ ಕೆಲವು ಹೆಚ್ಚು. ಈ 2,800ರಲ್ಲಿ ಹೆಂಡತಿ, ಗಂಡ, ಮಕ್ಕಳೂ ಸೇರಿದ್ದಾರೆ. ನಾಲ್ಕು ಜನರ ಸಂಸಾರಕ್ಕೆ ನಾಲ್ಕು ವೀಸಾ ಖರ್ಚು. ಉದ್ಯೋಗದ ಹೆಸರಿನ ಈ ವೀಸಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಉದ್ಯೋಗಿಯ ಕುಟುಂಬದವರಿಗೆ.

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಹೊರಡಿಸುತ್ತದೆ. ಕೈಯಲ್ಲಿರುವ ವೀಸಾ ಎಷ್ಟು, ಸಿದ್ಧವಾಗಿ ನಿಂತ ಅರ್ಜಿ ಎಷ್ಟು ಎಂದು ನೋಡಿ, ವೀಸಾ ಸಾಲದೆ ಹೊರಗುಳಿದ ಮೊದಲನೆಯವನ ದಿನಾಂಕವನ್ನು ಗಡಿಯಾಗಿ ಪ್ರಕಟಿಸುತ್ತದೆ. ಅದಕ್ಕಿಂತ ಹಿಂದಿನ ದಿನಾಂಕದವರಿಗೆ ವೀಸಾ, ಉಳಿದವರು ಕಾಯಬೇಕು. 2025ರ ಅಕ್ಟೋಬರ್ ಬುಲೆಟಿನ್ನಿನಲ್ಲಿ ಇಬಿ-2ರಲ್ಲಿ ಭಾರತದ ಗಡಿ 2013ರ ಏಪ್ರಿಲ್ 1. ಹೆಚ್ಚಿನ ದೇಶಗಳವರಿಗೆ ಅದೇ ವರ್ಗದಲ್ಲಿ 2023ರ ಡಿಸೆಂಬರ್ 1. ಒಂದೇ ಆಫೀಸು, ಒಂದೇ ಕೆಲಸ, ಅಕ್ಕಪಕ್ಕದ ಮೇಜು, ಹತ್ತು ವರ್ಷಕ್ಕೂ ಮಿಕ್ಕಿದ ಅಂತರ.

ಪೌರತ್ವವನ್ನು ಇಲ್ಲಿ ಕೇಳುವುದಿಲ್ಲ, ಹುಟ್ಟಿದ ದೇಶ ಯಾವುದು ಎಂದಷ್ಟೇ ಕೇಳುತ್ತಾರೆ. ಅಪ್ಪ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿ, ಶ್ರೀರಾಂಪುರದಲ್ಲಿ ಬೆಳೆದ ಹುಡುಗ ಒಮಾನಿನ ಲೆಕ್ಕಕ್ಕೆ ಸೇರುತ್ತಾನೆ. ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿ, ಚೆಲುವಾಂಬ ಆಸ್ಪತ್ರೆಯಲ್ಲಿ ಹುಟ್ಟಿದವನು ಭಾರತದ ಸಾಲಿಗೆ. ಇದು ಅನ್ಯಾಯ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಸರದಿ ಮುಂದಕ್ಕೇ ಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ. ಕೋವಿಡ್ ಕಾಲದಲ್ಲಿ ಕಾನ್ಸುಲೇಟುಗಳು ಮುಚ್ಚಿ, ಕುಟುಂಬ ಆಧಾರಿತ ವೀಸಾಗಳು ಖರ್ಚಾಗದೆ ಉಳಿದವು. ಕಾನೂನಿನ ಪ್ರಕಾರ ಅವು ಮರುವರ್ಷ ಉದ್ಯೋಗದ ಖಾತೆಗೆ ಬಂದು, 2022ರ ಹಣಕಾಸು ವರ್ಷದಲ್ಲಿ ಒಟ್ಟು 2,81,000ದಷ್ಟಾದವು. ಭಾರತದ ಇಬಿ-2 ಗಡಿ 2014ರ ಡಿಸೆಂಬರ್‌ವರೆಗೆ ಓಡಿತು. ಹೆಚ್ಚುವರಿ ಮುಗಿದದ್ದೇ ತಡ, 2023ರ ಏಪ್ರಿಲ್ ಹೊತ್ತಿಗೆ 2011ರ ಜನವರಿಗೆ ಬಂದು ನಿಂತಿತು. 'ಮುಂದಿನ ತಿಂಗಳು ನಮ್ಮದೇ' ಎಂದು ಊರಿಗೆಲ್ಲ ಹೇಳಿದ್ದವರು ಮತ್ತೆ ಮೌನವಾದರು.

ಒಂದು ವಿಷಯ ಬಿಡಿಸಿ ಹೇಳಬೇಕು. 2025ರ ಅಕ್ಟೋಬರಿನಲ್ಲಿ ಗಡಿ 2013ರಲ್ಲಿತ್ತು ಎಂದರೆ ಆಗ ವೀಸಾ ಪಡೆದವನು ಹನ್ನೆರಡು ವರ್ಷ ಕಾದಿದ್ದ ಎಂದಷ್ಟೇ ಅರ್ಥ. ಇಂದು ಸಾಲಿಗೆ ಸೇರುವವನೂ ಹನ್ನೆರಡು ವರ್ಷ ಕಾದರೆ ಸಾಕು ಎಂದಲ್ಲ. ಅವನ ಮುಂದೆ ನಿಂತವರ ಸಂಖ್ಯೆಯನ್ನು ವರ್ಷಕ್ಕೆ ಸಿಗುವ ವೀಸಾದಿಂದ ಭಾಗಿಸಬೇಕು. ವಾಷಿಂಗ್ಟನ್ನಿನ ಕ್ಯಾಟೊ ಸಂಸ್ಥೆ 2023ರಲ್ಲಿ ಹೀಗೆ ಲೆಕ್ಕ ಹಾಕಿದಾಗ ಭಾರತದ ಹೊಸ ಅರ್ಜಿದಾರರಿಗೆ ಬಂದದ್ದು 134 ವರ್ಷ. ಕಾಯುವವರಲ್ಲಿ ಹಲವರು ನಡುವೆಯೇ ಬಿಟ್ಟುಹೋಗುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ, ಹಾಗಾಗಿ ಅದನ್ನು ಭವಿಷ್ಯವಾಣಿ ಎಂದು ತಿಳಿಯಬೇಕಿಲ್ಲ. ಆದರೆ ಬಾಗಿಲು ಎಷ್ಟು ಕಿರಿದು ಎಂಬುದು ಅದರಿಂದ ಗೊತ್ತಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಪಾಡು. ಮೈಸೂರಿನಲ್ಲಿ ಹುಟ್ಟಿ ಎರಡನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಹೋದ ಮಗುವಿಗೆ 21 ತುಂಬಿದರೆ ಅವಲಂಬಿತರ ವೀಸಾ ಮುಗಿಯುತ್ತದೆ, ಅಪ್ಪನ ಸರದಿಯಲ್ಲಿದ್ದ ಜಾಗವೂ ಹೋಗುತ್ತದೆ. 2002ರ ಮಕ್ಕಳ ರಕ್ಷಣೆಯ ಕಾನೂನು ಅರ್ಜಿ ಪರಿಶೀಲನೆಗೆ ಹಿಡಿದ ದಿನಗಳನ್ನು ಮಾತ್ರ ವಯಸ್ಸಿನಿಂದ ಕಳೆಯುತ್ತದೆ, ಸರದಿಯಲ್ಲಿ ನಿಂತ ವರ್ಷಗಳನ್ನು ಕಳೆಯುವುದಿಲ್ಲ. ಅದೇ ಮನೆಯಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ತಂಗಿ ಅಮೆರಿಕದ ಪ್ರಜೆ. ಅಕ್ಕ ಮಾತ್ರ ವಿದ್ಯಾರ್ಥಿ ವೀಸಾ ಹುಡುಕಬೇಕು, ಇಲ್ಲವೇ ನೆನಪೇ ಇಲ್ಲದ ಊರಿಗೆ ಮರಳಬೇಕು.

ದೇಶವಾರು ಮಿತಿ ತೆಗೆದರೆ ಎಲ್ಲ ವೀಸಾವೂ ಭಾರತೀಯರ ಪಾಲಾದೀತು, ಇರಾನಿನ ವಿಜ್ಞಾನಿಗೂ ಫಿಲಿಪೀನ್ಸಿನ ನರ್ಸಿಗೂ ದಾರಿ ಮುಚ್ಚೀತು ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. 2019ರ ಜುಲೈನಲ್ಲಿ ಅಲ್ಲಿನ ಪ್ರತಿನಿಧಿ ಸಭೆ ಮಿತಿ ತೆಗೆಯುವ ಮಸೂದೆಯನ್ನು 365–65 ಮತಗಳಿಂದ ಒಪ್ಪಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ತನ್ನದೇ ರೂಪವನ್ನು ಅಂಗೀಕರಿಸಿತು. ಎರಡೂ ಒಂದಾಗದೆ ಮಸೂದೆ ಬಿದ್ದುಹೋಯಿತು. ನನ್ನ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದದ್ದು ಹೆಂಡತಿ ಮಕ್ಕಳನ್ನು ಲೆಕ್ಕದಿಂದ ಹೊರಗಿಡುವುದು. ಅದರಿಂದ ಯಾವ ದೇಶದವರ ಪಾಲೂ ಕಡಿಮೆಯಾಗುವುದಿಲ್ಲ, ಸಾಲು ಮಾತ್ರ ಬೇಗ ಕರಗುತ್ತದೆ.

ಹೊರಡಲು ಸಿದ್ಧರಾಗಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ಮನವಿ. ಸಂಬಳದ ಮಾತಾಡುವಾಗಲೇ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕುವುದು ಯಾವಾಗ, ಯಾವ ವರ್ಗದಲ್ಲಿ ಎಂದು ಕಂಪನಿಯಿಂದ ಕೇಳಿ ತಿಳಿದುಕೊಳ್ಳಿ. ಜೊತೆಗೆ ಮಗುವಿದ್ದರೆ ಅದಕ್ಕೆ 21 ತುಂಬುವ ವರ್ಷವನ್ನು ಇಂದೇ ಬರೆದಿಟ್ಟುಕೊಂಡು, ಆ ಹೊತ್ತಿಗೆ ಕಾರ್ಡ್ ಬರದಿದ್ದರೆ ಏನು ಮಾಡುವುದೆಂದು ಗಂಡ ಹೆಂಡತಿ ಕೂತು ಮಾತಾಡಿ. ಊರಿನಲ್ಲಿರುವ ಅಪ್ಪ ಅಮ್ಮಂದಿರೇ, ಫೋನ್ ಮಾಡಿದಾಗಲೆಲ್ಲ ಕಾರ್ಡಿನ ಸುದ್ದಿ ಕೇಳಬೇಡಿ. ಅದು ಅವರ ಕೈಯಲ್ಲಿಲ್ಲ.