ವರದಿಯಲ್ಲಿ ಕಾಣದ ತಕರಾರು

ನಾನು ಅನುವಾದಿಸುವ ಯೋಜನಾ ವರದಿಗಳಲ್ಲಿ ಅತಿ ಹೆಚ್ಚು ಬರುವ ಕ್ರಿಯಾಪದ ‘ಪೂರ್ಣಗೊಂಡಿದೆ’. ಅದಕ್ಕೆ ಕರ್ತೃ ಇರುವುದಿಲ್ಲ. ಯಾರು ಪೂರ್ಣಗೊಳಿಸಿದರು, ಯಾರ ಪಾಲಿಗೆ ಪೂರ್ಣವಾಯಿತು ಎಂದು ವಾಕ್ಯ ಹೇಳುವುದಿಲ್ಲ. ಇದು ಬರೀ ವ್ಯಾಕರಣದ ಮಾತಲ್ಲ. ಕೊನೆಯ ವರದಿ ಏನನ್ನು ಎಣಿಸುತ್ತದೋ, ಯೋಜನೆ ಮೊದಲ ದಿನದಿಂದಲೇ ಅದರ ಕಡೆಗೆ ವಾಲುತ್ತದೆ.

ನಾನಿರುವ ಹೈದರಾಬಾದಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಧರಣಿ. 2020ರ ಅಕ್ಟೋಬರ್ 29ರಂದು ಶುರುವಾದ ಈ ಭೂದಾಖಲೆ ಪೋರ್ಟಲ್, ಕೃಷಿ ಜಮೀನಿನ ನೋಂದಣಿ ಮತ್ತು ಖಾತೆ ಬದಲಾವಣೆ ಎರಡನ್ನೂ ತಹಶೀಲ್ದಾರರ ಕಚೇರಿಯಲ್ಲಿ ಒಟ್ಟಿಗೇ ಮುಗಿಸಿತು. ತಿಂಗಳುಗಟ್ಟಲೆ ಅಲೆದವರಿಗೆ ಅದು ನಿಜವಾದ ಉಪಕಾರ. ಆದರೆ ಹಳೆಯ ಪಹಣಿಯಲ್ಲಿದ್ದ ‘ಅನುಭವದಾರ’ ಕಾಲಂ ಅಲ್ಲಿ ಇರಲಿಲ್ಲ. ಬಿಳಿ ಕಾಗದದ ಮೇಲೆ ಜಮೀನು ಕೊಂಡವರು, ಗೇಣಿಗೆ ಉಳುವವರು ದಾಖಲೆಯಿಂದಲೇ ಮಾಯವಾದರು. ಅದೇ ವರ್ಷದ ಕಾಯ್ದೆ ಕಂದಾಯ ನ್ಯಾಯಾಲಯಗಳನ್ನೂ ತೆಗೆದುಹಾಕಿತು. ಹೆಸರೋ ವಿಸ್ತೀರ್ಣವೋ ತಪ್ಪಿದ್ದರೆ ಹೇಳಿಕೊಳ್ಳುವ ದಾರಿ ಕಿರಿದಾಯಿತು. ತಿದ್ದುಪಡಿಯ ಮಾಡ್ಯೂಲ್‌ಗಳು ಆಮೇಲೆ ಒಂದೊಂದಾಗಿ ಬಂದವು.

ಕರ್ನಾಟಕದ ‘ಭೂಮಿ’ ಇದಕ್ಕಿಂತ ಸುಮಾರು 2 ದಶಕ ಹಳೆಯದು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಹಳೆಯ ಪುಸ್ತಕದ ತಪ್ಪುಗಳೂ ಜೊತೆಗೇ ಬಂದವು ನಿಜ. ಆದರೆ ಸಾಗುವಳಿದಾರನ ಕಾಲಂ ಉಳಿಯಿತು. ಹೆಸರು ಬದಲಾಗುವ ಮೊದಲು ತಕರಾರಿಗೆ 30 ದಿನಗಳ ನೋಟಿಸ್ ಕೊಡುವ ಕ್ರಮವನ್ನೂ ಸಾಫ್ಟ್‌ವೇರ್ ಒಳಗೊಂಡಿತು.

ವೇಗವನ್ನಷ್ಟೇ ಎಣಿಸುವ ವರದಿಯಲ್ಲಿ ಆ 30 ದಿನ ‘ವಿಳಂಬ’. ಪಾಲು ಸಿಗದ ತಂಗಿಗೆ ಅದೇ ಕೊನೆಯ ಅವಕಾಶ. ಯೋಜನೆಯ ಮೇಜಿನ ಸುತ್ತ ಅವಳ ಪರವಾಗಿ ಮಾತಾಡುವವರು ಇಲ್ಲದಿದ್ದರೆ, ದಕ್ಷತೆಯ ಹೆಸರಿನಲ್ಲಿ ಮೊದಲು ಕತ್ತರಿ ಬೀಳುವುದು ಆ ದಿನಗಳಿಗೇ.

2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ‘ಭೂ ಭಾರತಿ’ ಬಂದಿದೆ. ಮೇಲ್ಮನವಿಗೆ ಕಂದಾಯ ಅಧಿಕಾರಿಗಳ ಮಟ್ಟದಲ್ಲೇ ಮತ್ತೆ ದಾರಿ ತೆರೆದಿದೆ. ಒಳ್ಳೆಯದೇ. ಆದರೆ ಇದನ್ನೂ ವಿಲೇವಾರಿಯ ಸಂಖ್ಯೆಯಿಂದ ಅಳೆಯಬಾರದು. ಪ್ರತಿ ತಿಂಗಳ ವರದಿಯಲ್ಲಿ ಮೂರು ಸಂಗತಿ ಇರಲಿ: ತಿದ್ದುಪಡಿ ಕೇಳಿದವರೆಷ್ಟು, ತಿರಸ್ಕಾರವಾದದ್ದು ಎಷ್ಟು ಮತ್ತು ಯಾಕೆ, ಅತಿ ಹಳೆಯ ಅರ್ಜಿ ಎಷ್ಟು ದಿನದಿಂದ ಕೂತಿದೆ. ಪ್ರತಿ ತಿರಸ್ಕಾರದ ಕೆಳಗೆ ಅಧಿಕಾರಿಯ ಹುದ್ದೆಯೂ ಇರಲಿ. ಆಗ ವಾಕ್ಯಕ್ಕೆ ಕರ್ತೃ ಸಿಗುತ್ತಾನೆ, ರೈತನಿಗೆ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ.