ಹದಿಮೂರನೆಯ ಪಗಾರ ಹೋದ ಬಗೆ

ದಿಲ್ಲಿಯಲ್ಲಿ ಯಾರು ಆಳಿದರೇನು, ನಾವು ದುಡಿದು ಉಣ್ಣುವುದು ತಪ್ಪುವುದಿಲ್ಲ ಎಂದು ನಮ್ಮ ಹೋಟೆಲು, ಗಿರಣಿಗಳ ಬಂಧುಗಳಲ್ಲಿ ಅನೇಕರು ಹೇಳುವುದುಂಟು. ಅಂಥವರ ಮುಂದೆ ನಾವು 1975ರ ಬೋನಸ್ಸಿನ ಲೆಕ್ಕವನ್ನಿಡಲು ಬಯಸುತ್ತೇವೆ.

ಆ ವರ್ಷ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಸರಕಾರ ತುರ್ತುಪರಿಸ್ಥಿತಿಯನ್ನು ಸಾರಿತು. ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯೊಂದು ಹೊರಟು ಕನಿಷ್ಠ ಬೋನಸ್ಸು ಶೇಕಡಾ 8.33ರಿಂದ 4ಕ್ಕೆ ಇಳಿಯಿತು. ಶೇಕಡಾ 8.33 ಎಂದರೆ ವರ್ಷದ ಗಳಿಕೆಯ ಹನ್ನೆರಡನೆಯ ಒಂದು ಪಾಲು. ಅದೇ ಹದಿಮೂರನೆಯ ಪಗಾರ. ಶೇಕಡಾ 4 ಎಂದರೆ ಹದಿನೈದು ದಿನದ ಪಗಾರವೂ ಅಲ್ಲ. ದೀಪಾವಳಿಗೆ ಊರಿಗೆ ಹೋಗಬೇಕಾದ ಮನಿಆರ್ಡರಿನ ಮೇಲೆ ದಿಲ್ಲಿಯ ಕೈ ಬಿದ್ದದ್ದು ಹೀಗೆ. 300 ಅಥವಾ ಹೆಚ್ಚು ಕಾರ್ಮಿಕರುಳ್ಳ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಅನುಮತಿ ಬೇಕೆಂಬ ಕಾನೂನು 1976ರಲ್ಲಿ ಬಂದದ್ದೂ ನಿಜ. ಆದರೆ ಕೊಡುವಾಗಲಿ ಕಿತ್ತುಕೊಳ್ಳುವಾಗಲಿ ಕಾರ್ಮಿಕನನ್ನು ಕೇಳಿದವರಿಲ್ಲ.

ಸಂಘಗಳು ಏನು ಮಾಡಿದವು? ಇಂಟಕ್ ಆಳುವ ಪಕ್ಷದ ಮನೆಯದೇ. ಆಯ್ಟಕ್ ನಂಬಿದ ಕಮ್ಯುನಿಸ್ಟ್ ಪಕ್ಷ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತ್ತು. ಎದುರು ನಿಂತ ಮುಂದಾಳುಗಳಲ್ಲಿ ಅನೇಕರು ಸೆರೆಮನೆಯಲ್ಲಿದ್ದರು, ಇಲ್ಲವೆ ತಲೆಮರೆಸಿಕೊಂಡಿದ್ದರು. ಕೆಲವರಿಗೆ ಕುರ್ಚಿ, ಕೆಲವರಿಗೆ ಕೋಳ. ಬೋನಸ್ಸು ಮಾತ್ರ ಎಲ್ಲರದೂ ಹೋಯಿತು.

ಕುರ್ಚಿಯಾದರೂ ಉಳಿಯುತ್ತದೆಂದು ನಂಬುವವರು ಜರ್ಮನಿಯ ಕಡೆ ನೋಡಲಿ. 1920ರ ಮಾರ್ಚಿನಲ್ಲಿ ಬರ್ಲಿನ್ನಿನಲ್ಲಿ ಸೈನಿಕರ ಬಲದಿಂದ ಅಧಿಕಾರ ಕಿತ್ತುಕೊಂಡ ಕಾಪ್ ಎಂಬವನನ್ನು ಅಲ್ಲಿಯ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿ ಐದೇ ದಿನಗಳಲ್ಲಿ ಓಡಿಸಿದ್ದರು. 1933ರಲ್ಲಿ ಹಿಟ್ಲರನು ಬಂದಾಗ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳು. ಮುಷ್ಕರ ಸುಲಭವಾಗಿರಲಿಲ್ಲ, ಒಪ್ಪುತ್ತೇವೆ. ಆದರೆ ಸಂಘದ ಹಿರಿಯರು ಸುಮ್ಮನಿರುವಷ್ಟಕ್ಕೆ ನಿಲ್ಲದೆ, ಹಿಟ್ಲರನು ಏರ್ಪಡಿಸಿದ ಮೇ ದಿನದ ಉತ್ಸವದಲ್ಲಿ ಭಾಗವಹಿಸಲು ಸದಸ್ಯರಿಗೆ ಕರೆ ಕೊಟ್ಟರು. ಮರುದಿನವೇ, ಮೇ 2ರಂದು, ಅವನ ಪಡೆಯವರು ಸಂಘದ ಕಚೇರಿಗಳಿಗೆ ನುಗ್ಗಿದರು. ಕಟ್ಟಡ ಹೋಯಿತು, ನಿಧಿ ಹೋಯಿತು, ಕರೆ ಕೊಟ್ಟವರೇ ಸೆರೆಯಾದರು.

ನಮ್ಮಲ್ಲಿಯೂ ತುರ್ತುಪರಿಸ್ಥಿತಿ ಮುನ್ಸೂಚನೆಯಿಲ್ಲದೆ ಬರಲಿಲ್ಲ. 1974ರ ಮೇ 8ರಂದು ಲಕ್ಷಾಂತರ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಬೋನಸ್ಸೂ ಒಂದು. ಮುಂದಾಳು ಜಾರ್ಜ್ ಫರ್ನಾಂಡಿಸ್, ಮಂಗಳೂರಿನಿಂದ ಮುಂಬಯಿಗೆ ಬಂದು ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಸಂಘಟಿಸಿದವರು. (ಅವರ ಮುಂದಿನ ರಾಜಕೀಯ ಹಲವರಿಗೆ ಹಿಡಿಸಲಿಲ್ಲ, ಅದು ಬೇರೆ ಮಾತು.) ಮುಷ್ಕರ ಶುರುವಾಗುವ ಮೊದಲೇ ಅವರನ್ನು ಹಿಡಿದರು. ಸಾವಿರಾರು ನೌಕರರನ್ನು ಸೆರೆಗೆ ತಳ್ಳಿದರು, ಹೆಂಡಿರು ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರಹಾಕಿದರು. ಮೇ 27ಕ್ಕೆ ಮುಷ್ಕರ ಮುರಿಯಿತು. ರೈಲ್ವೆಯವರ ಜಗಳ ನಮಗೇಕೆ ಎಂದು ಕೈಕಟ್ಟಿ ಕುಳಿತವರ ಬೋನಸ್ಸಿಗೇ ಮರುವರ್ಷ ಕತ್ತರಿ ಬಿತ್ತು.

1977ರಲ್ಲಿ ಮತದಾರರು ಸರಕಾರವನ್ನೇ ಬದಲಿಸಿದ ಮೇಲೆ 8.33 ಮರಳಿ ಬಂತು. ಸಂಘಗಳು ಒಗ್ಗಟ್ಟಾಗಿ ಗೆದ್ದು ತಂದದ್ದು ಅದಲ್ಲ ಎಂಬುದೇ ನಮ್ಮ ಕೊರಗು. ಆದ್ದರಿಂದ ಬಂಧುಗಳೇ, ನೀವು ಯಾವ ಬಾವುಟದ ಸಂಘದಲ್ಲಿದ್ದರೂ ಸರಿ, ಈ ಸಲದ ವಾರ್ಷಿಕ ಸಭೆಗೆ ತಪ್ಪದೆ ಹೋಗಿರಿ. ನಮ್ಮ ವರ್ಗಣಿಯಲ್ಲಿ ಪಕ್ಷಕ್ಕೆ ಹೋಗುವುದೆಷ್ಟು, ಪದಾಧಿಕಾರಿಗಳ ಚುನಾವಣೆ ಕೊನೆಯ ಸಲ ನಡೆದದ್ದು ಯಾವಾಗ, ಪಕ್ಕದ ಸಂಘದವರನ್ನು ಪೋಲೀಸರು ಹಿಡಿದರೆ ನಾವೇನು ಮಾಡುತ್ತೇವೆ ಎಂದು ಎದ್ದು ನಿಂತು ಕೇಳಿರಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ.