ಎಕ್ಸ್‌ರೇದಾಗ ಕಾಣದ ಉರಿ

ಸೊರಟೂರ ಸುತ್ತಮುತ್ತ ಮೆಣಸಿನಕಾಯಿ ಸುಗ್ಗಿಯಲ್ಲಿ ಹೆಣ್ಣುಮಕ್ಕಳ ಕೈ ಉರಿ ಹೊಸ ಸುದ್ದಿಯೇನಲ್ಲ. ದಿನವಿಡೀ ತುಂಬು ಬಿಡಿಸಿ ಬಂದವರು ರಾತ್ರಿ ನಿದ್ದೆಗೆಡುತ್ತಾರೆ. ಕೈಯಲ್ಲಿ ಗಾಯ ಇಲ್ಲ, ಗುಳ್ಳೆ ಇಲ್ಲ. ಹಾಗಾಗಿ ಮನೆಯಲ್ಲಿ ಒಂದೇ ಮಾತು: "ಏನೂ ಆಗಿಲ್ಲ, ಸುಮ್ನ ಮಲ್ಕೊ." ಏನೂ ಆಗಿಲ್ಲ ಅನ್ನುವುದು ಸುಳ್ಳು ಅಂತ ನಾವು ಹೇಳುತ್ತೇವೆ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನಗಟ್ಟಲೆ ಮುಟ್ಟಿದರೆ ಅದರ ಖಾರದ ಅಂಶ ಕ್ಯಾಪ್ಸೈಸಿನ್ ಚರ್ಮದೊಳಗೆ ಇಳಿಯುತ್ತದೆ. ನರದ ತುದಿಯಲ್ಲಿ ಸುಮಾರು 43 ಡಿಗ್ರಿ ಬಿಸಿ ದಾಟಿದರೆ ತೆರೆಯುವ ಬಾಗಿಲುಗಳಿವೆ. ಖಾರ ತೆರೆಯುವುದೂ ಅವೇ ಬಾಗಿಲುಗಳನ್ನು. 1997ರಲ್ಲಿ ಇದನ್ನು ತೋರಿಸಿಕೊಟ್ಟ ತಂಡದ ಮುಖ್ಯಸ್ಥ, ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬೆಂಕಿ ಇಲ್ಲದಿದ್ದರೂ ನರದ ಲೆಕ್ಕದಲ್ಲಿ ಕೈ ಸುಡುತ್ತಿದೆ.

ಆ ಸುದ್ದಿ ನೇರ ಮಿದುಳಿಗೆ ಹೋಗುವುದಿಲ್ಲ. ಮೊದಲು ಬೆನ್ನುಹುರಿಯಲ್ಲಿ ಮುಂದಿನ ನರಕೋಶಕ್ಕೆ ದಾಟಬೇಕು. ಸಾಮಾನ್ಯವಾಗಿ ಗ್ಲುಟಮೇಟ್ ಎಂಬ ರಾಸಾಯನಿಕ ಅದನ್ನು ದಾಟಿಸಿ ಕ್ಷಣದಲ್ಲಿ ಮಾಯವಾಗುತ್ತದೆ. ಉರಿ ಜೋರಾಗಿ, ಬಹಳ ಹೊತ್ತು ನಡೆದರೆ ಜೊತೆಗೆ ನ್ಯೂರೋಪೆಪ್ಟೈಡ್‌ಗಳೂ ಹೊರಬೀಳುತ್ತವೆ. ಅವುಗಳಲ್ಲಿ ಹೆಸರಾದದ್ದು 1931ರಲ್ಲೇ ಪತ್ತೆಯಾದ 'ಸಬ್‌ಸ್ಟೆನ್ಸ್ ಪಿ', 11 ಅಮೈನೋ ಆಮ್ಲಗಳ ಪುಟ್ಟ ಸರ. ಇದು ಬೇಗ ಹೋಗುವ ಗಿರಾಕಿಯಲ್ಲ. ಅಕ್ಕಪಕ್ಕದ ಕೋಶಗಳಿಗೂ ಹರಡಿ ಅವನ್ನು ಸೂಕ್ಷ್ಮ ಮಾಡುತ್ತದೆ. ಆಮೇಲೆ ಸೆರಗು ತಾಗಿದರೂ ಉರಿಯೇ.

ಬ್ರೇಕ್ ಕೂಡ ಅಲ್ಲೇ ಇದೆ. 1975ರಲ್ಲಿ ಗೊತ್ತಾದ ಎನ್ಕೆಫಾಲಿನ್ ಎಂಬ ಇನ್ನೊಂದು ನ್ಯೂರೋಪೆಪ್ಟೈಡ್ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ಮಾರ್ಫಿನ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಹಾಗಾದರೆ ಸಬ್‌ಸ್ಟೆನ್ಸ್ ಪಿ ತಡೆದರೆ ಆಯಿತಲ್ಲ? ಔಷಧ ಕಂಪನಿಗಳೂ ಹಾಗೇ ಅಂದುಕೊಂಡು ಗುಳಿಗೆ ಮಾಡಿದವು. ನೋವಿಗೆ ಅವು ನಡೆಯಲಿಲ್ಲ. ಅದೇ ಜಾತಿಯ ಅಪ್ರೆಪಿಟೆಂಟ್ ಈಗ ಕ್ಯಾನ್ಸರ್ ರೋಗಿಗಳ ವಾಂತಿ ತಡೆಯಲು ಬಳಕೆಯಲ್ಲಿದೆ.

ಕೈ ಉರಿಯಾದರೂ ಒಂದೆರಡು ದಿನದಲ್ಲಿ ಇಳಿಯುತ್ತದೆ. ವರ್ಷಗಟ್ಟಲೆ ಬಗ್ಗಿ ಕಳೆ ತೆಗೆದು ಸೊಂಟ ಹಿಡಿದುಕೊಂಡವರ ಕಥೆ ಬೇರೆ. ಅಂಥ ಹಲವರಲ್ಲಿ ಬೆನ್ನುಹುರಿಯೇ ಸೂಕ್ಷ್ಮವಾಗಿ ಉಳಿದುಬಿಟ್ಟಿರಬಹುದು. ಎಕ್ಸ್‌ರೇ ಎಲುಬು ತೋರಿಸುತ್ತದೆ, ಇದನ್ನು ತೋರಿಸುವುದಿಲ್ಲ. "ಎಕ್ಸ್‌ರೇ ಸಾಫ್ ಐತಿ, ಮುದುಕಿ ನಾಟಕ ಮಾಡ್ತಾಳ" ಅನ್ನುವವರು ಇದನ್ನು ಕೇಳಬೇಕು. ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ದಿನಾ ನುಂಗಿಸುವುದೂ ಪರಿಹಾರವಲ್ಲ, ಹೊಟ್ಟೆ ಮತ್ತು ಕಿಡ್ನಿ ಎರಡಕ್ಕೂ ಪೆಟ್ಟು. ನೋವು ಮೂರು ತಿಂಗಳು ದಾಟಿದರೆ ಡಾಕ್ಟರಿಗೆ ಹಾಗೆಂದೇ ಹೇಳಿ: ಎಷ್ಟು ದಿನ, ಯಾವಾಗ ಜಾಸ್ತಿ, ಮುಟ್ಟಿದರೆ ಉರಿಯುತ್ತದೆಯೇ, ನಿದ್ದೆ ಬರುತ್ತದೆಯೇ.

ಸುಗ್ಗಿಗೆ ಇನ್ನೊಂದು ಮಾತು. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು. ಅದಕ್ಕೂ ಮೊದಲು ಬೇಕಾದದ್ದು ರಬ್ಬರ್ ಹ್ಯಾಂಡ್‌ಗ್ಲೌಸ್. ಅದರ ಖರ್ಚು ಕೂಲಿಯವರದಲ್ಲ, ಹೊಲದವರದು ಮತ್ತು ವ್ಯಾಪಾರಿಗಳದು. ಈ ಸಲ ಕೂಲಿ ಮಾತಾಡುವ ದಿನವೇ ಅದನ್ನೂ ಕೇಳಿ.